ಸತ್ತ ಸ್ಟಾರ್ಟರ್ ಡಬ್ಬಿಗಳ ರಾಶಿ

ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ನುಗ್ಗಿ ಕರೆಂಟ್ ಹೊಡೆದು ಸಾಯೋದು ನಮ್ಮ ಕಡೆ ಮಾಮೂಲು. ಆ ಡಬ್ಬಿ ಬಿಚ್ಚಿ, ಬೋರ್ಡಿಗೆ ಅಂಟಿಕೊಂಡ ಒಣಹಲ್ಲಿಯನ್ನ ಹಳೇ ಬ್ರಶ್ಶಲ್ಲಿ ಕೆರೆದು, ಕೆಳಗಿರೋ ಬಿಡಿಭಾಗ ಕಿತ್ಕೊಳ್ಳೋದು ಮಾತ್ರ ನನ್ನಂಥ ಹೈಸ್ಕೂಲ್ ವಿಜ್ಞಾನದ ಮೇಡಂ ಹಣೆಬರಹ. ಥೂ!

ಇನ್ನೇನು ಮಾಡ್ಲಿ? ಅಗ್ಗ ಅಂತ ಆನ್‌ಲೈನಲ್ಲಿ ತರಿಸಿದ ಸೆನ್ಸರುಗಳಲ್ಲಿ ಅರ್ಧಕ್ಕರ್ಧ ಬರುವಾಗಲೇ ಕೆಟ್ಟಿದ್ದವು, ವಾಪಸ್ ತಗೊಳ್ಳಲ್ಲ ಅಂದ್ರು. ಕೊನೆಗೆ ಶ್ರೀನಿವಾಸಪುರದ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ಮೂಲೇಲಿದ್ದ ಕೆಟ್ಟ ಸ್ಟಾರ್ಟರ್ ಡಬ್ಬಿಗಳ ರಾಶಿ ತೋರಿಸಿ, "ತೀಸ್ಕೋಂಡಿ ಮೇಡಂ, ತಗೊಂಡ್ಹೋಗಿ, ಅದನ್ನ ಗುಜರಿಯವನೂ ಮುಟ್ಟಲ್ಲ," ಅಂದರು. ಇಲಿ ಉಚ್ಚೆ, ಸುಟ್ಟ ತಂತಿ, ಎರಡೂ ಸೇರಿದ ನಾತ. ಸೆರಗಲ್ಲಿ ಮೂಗು ಮುಚ್ಕೊಂಡು ಒಂದು ಚೀಲ ತುಂಬಿಸಿ ಬಸ್ ಹತ್ತಿದೆ. ಪಕ್ಕದ ಸೀಟಿನಾಕೆ ಮುಖ ಸಿಂಡರಿಸಿ ಎದ್ದು ಹಿಂದಕ್ಕೆ ಹೋದಳು. ಹೋಗ್ಲಿ, ನನಗೂ ಜಾಗ ಆಯ್ತು.

ಇದೆಲ್ಲ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೋಸ್ಕರ. ಹುತ್ತೂರು ಕಡೆಯವಳು, ಮನೇಲಿ ರೇಷ್ಮೆಹುಳ ಸಾಕ್ತಾರೆ. ಹಿಂದಿನ ಬೇಸಿಗೇಲಿ ಸೆಕೆ ಏರಿದ್ದು ಗೊತ್ತಾಗದೆ ಒಂದು ಬೆಳೆ ಹುಳ ಪೂರ್ತಿ ಸತ್ತು ಕೊಳೆತಿತ್ತು. "ಸೆಕೆ ಏರಿದ ತಕ್ಷಣ ಕೂಗೋ ಮೆಷಿನ್ ಮಾಡ್ಬೋದಾ ಮಿಸ್?" ಅಂತ ಅವಳೇ ಕೇಳಿದ್ದು. ಕೆಟ್ಟ ಡಿಜಿಟಲ್ ಥರ್ಮಾಮೀಟರಿನ ತುದಿಯಿಂದ ಶಾಖ ತಿಳಿಯೋ ತುಣುಕು, ಸ್ಟಾರ್ಟರ್ ಬೋರ್ಡಿಂದ ಬಝರ್, ಹೀಗೆ ಕಿತ್ತು ಕೂಡಿಸಿ, ಬೆರಳು ಸುಟ್ಕೊಂಡು ಬೆಸುಗೆ ಹಾಕಿದಳು. ಹುಳದ ಮನೇಲಿ ನೇತುಹಾಕಿದ ಮಧ್ಯಾಹ್ನ ಅದು ಕಿರ್ರ್ ಅಂತು. ಅವರಮ್ಮ ಓಡಿಹೋಗಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರಂತೆ. ಮಾರನೇ ದಿನ ಹುಡುಗಿ ನೆಲದ ಮೇಲೇ ನಿಲ್ತಿರ್ಲಿಲ್ಲ. "ಮಿಸ್, ಇನ್ಮೇಲೆ ಏನು ಬೇಕಾದ್ರೂ ನಾನೇ ಮಾಡ್ತೀನಿ!" ಅಂದಳು. ಆ ಒಂದು ಮಾತಿಗೆ ಎಷ್ಟು ಹಲ್ಲಿ ಬೇಕಾದ್ರೂ ಕೆರೆಯೋಣ ಅನ್ನಿಸ್ತು.

ಅದನ್ನೇ ಕೋಲಾರದ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ತಗೊಂಡು ಹೋದ್ವಿ. ಅಲ್ಲಿ ನೋಡಿದ್ರೆ, ಮೂರು ಸ್ಕೂಲಿನ ಟೇಬಲ್ ಮೇಲೆ ಒಂದೇ ಅಚ್ಚಿನ 'ಸ್ಮಾರ್ಟ್ ಸಿಟಿ'! ಅದೇ ಹಸಿರು ಪೇಪರು, ಅದೇ ಪುಟಾಣಿ ಬೀದಿದೀಪ. ಮೂರೂ ಮಾಲೂರಿನ ಒಂದು ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಯ ಸರಕು. ಮಕ್ಕಳು ಗಿಳಿಪಾಠ ಒಪ್ಪಿಸ್ತಾ ನಿಂತಿದ್ರು. ಒಂದರ ದೀಪ ಹತ್ತಲಿಲ್ಲ, ಆ ಹುಡುಗನಿಗೆ ಯಾವ ವೈರ್ ಅಲ್ಲಾಡಿಸಬೇಕು ಅಂತ್ಲೂ ಗೊತ್ತಿಲ್ಲ.

ತೀರ್ಪುಗಾರರು ಬಂದರು. ನಮ್ಮ ಬೋರ್ಡನ್ನ ಎರಡೇ ಬೆರಳಲ್ಲಿ ಎತ್ತಿ, "ಇದೇನಮ್ಮಾ, ಗಲೀಜು! ಥರ್ಮೊಕೋಲ್ ಹಾಕಿ ನೀಟಾಗಿ ಮಾಡೋಕೆ ಏನು ಕಷ್ಟ?" ಅಂದರು. ಹುಡುಗಿ ತೋರಿಸೋಕೆ ಮೇಣದಬತ್ತಿ ಹಚ್ಚಿ ತಿರುಗೋದ್ರೊಳಗೆ ಅವರು ಮುಂದಿನ ಟೇಬಲಲ್ಲಿದ್ದರು. ಬಝರ್ ಕೂಗ್ತಾನೇ ಇತ್ತು, ಒಬ್ಬರಾದರೂ ತಿರುಗಿ ನೋಡ್ಬೇಕಲ್ಲ!

ಮೊದಲ ಬಹುಮಾನ ಆ ಮೂರರಲ್ಲೊಂದು ಸ್ಮಾರ್ಟ್ ಸಿಟಿಗೆ. ತದ್ರೂಪು ಮೂರರಲ್ಲಿ ಅದನ್ನ ಹೆಂಗೆ ಆರಿಸಿದರೋ ಆ ದೇವರೇ ಬಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು. ನೇರ ಹೋಗಿ ತೀರ್ಪುಗಾರರನ್ನೇ ಕೇಳಿದೆ. "ನೋಡಿ ಮೇಡಂ, ಪ್ರೆಸೆಂಟೇಶನ್ ಮುಖ್ಯ," ಅಂತ ನಕ್ಕರು. ಮೇಲೆ ಥಳಕು, ಒಳಗೆ ಹುಳುಕು, ಅದಕ್ಕೇ ಹಾರ! ಹಲ್ಲಿ ಕೆರೆಯುವಾಗಲೂ ನನಗೆ ಇಷ್ಟು ಹೇಸಿಗೆ ಆಗಿರ್ಲಿಲ್ಲ.

ವಾಪಸ್ ಬರೋವಾಗ ಬಸ್ಸಲ್ಲಿ ಹುಡುಗಿ ಅಳಲಿಲ್ಲ. ಅತ್ತಿದ್ರೆ ಏನಾದ್ರೂ ಸಮಾಧಾನ ಹೇಳ್ತಿದ್ದೆ. ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

"ಮಿಸ್, ಮಾಲೂರಲ್ಲಿ ಆ ಅಂಗಡಿ ಎಲ್ಲಿದೆ? ಮುಂದಿನ ವರ್ಷಕ್ಕೆ ಅಪ್ಪನ ಹತ್ರ ಹೇಳಿ ತರಿಸ್ತೀನಿ."