ಹೊಟ್ಟೆಕಿಚ್ಚಿಗೆ ಮಾತ್ರೆ

ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಪಕ್ಕದ ಫ್ಲ್ಯಾಟಿನವರ ಕಾರಿನ ಮೇಲೋ ನನಗಿಂತ ಮೊದಲು ಬಡ್ತಿ ಪಡೆದವರ ಮೇಲೋ ಹುಟ್ಟಿದ್ದರೆ ಹೇಳಿಕೊಳ್ಳಬಹುದಿತ್ತು. ಇದನ್ನು ಯಾರ ಮುಂದೆ ಹೇಳಲಿ?

ನನ್ನ ಮಗಳು ಮೇಘನಾ ಪಿಎಚ್.ಡಿ. ಮಾಡುತ್ತಿದ್ದಾಳೆ. ಮನುಷ್ಯರಂತೆ ಮಾತಾಡುವ ಯಂತ್ರಗಳನ್ನು ಇನ್ನಷ್ಟು ಜಾಣವಾಗಿಸುವುದು, ಅವು ಯಾರಿಗೂ ಅಪಾಯದ ಸಲಹೆ ಕೊಡದಂತೆ ನೋಡಿಕೊಳ್ಳುವುದು ಅವಳ ಸಂಶೋಧನೆ. ಅದರಲ್ಲಿ ಕನ್ನಡದ ಪಾಲು ಅವಳದ್ದು. ದೆಹಲಿಯ ವಸಂತ್ ಕುಂಜ್‌ನಲ್ಲೇ ಬೆಳೆದವಳು. ಚಿಕ್ಕಂದಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರಿಸುತ್ತಿದ್ದವಳು. ಸರ್ಕಾರಿ ಅನುವಾದಕನಾದ ನಾನು ಅವಳಿಗೆ ಒತ್ತಕ್ಷರ ಕಲಿಸಲು ಹೋಗಿ ಎರಡು ಬೇಸಿಗೆ ರಜೆ ಹಾಳುಮಾಡಿಕೊಂಡಿದ್ದೆ. ಈಗ ಅದೇ ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಂತ್ರಕ್ಕೆ ತಾಳ್ಮೆಯಿಂದ ಕನ್ನಡ ಟೈಪ್ ಮಾಡುತ್ತಾಳೆ. ಅದು ಸರಿಯಾಗಿ ಉತ್ತರಿಸಿದರೆ "ಅಚ್ಛಾ, ಗುಡ್!" ಎನ್ನುತ್ತಾಳೆ. ನನಗೆ ಅವಳು ಗುಡ್ ಎಂದದ್ದು ನೆನಪಿಲ್ಲ.

ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದಾಗ ನಾನೇ ಅದರ ಮುಂದೆ ಕೂತೆ. "ನನಗೆ ಹೊಟ್ಟೆಕಿಚ್ಚು, ಏನು ಮಾಡಲಿ?" ಎಂದು ಬರೆದೆ. ಯಂತ್ರ ಬಹಳ ಮರುಗಿತು. ಖಾರ ಬಿಡಿ, ಇಂಥ ಮಾತ್ರೆ ದಿನಕ್ಕೆ ಮೂರು ನುಂಗಿ, ಉರಿ ನಿಲ್ಲದಿದ್ದರೆ ಆರು ಮಾಡಿ ಎಂದಿತು. ಡಾಕ್ಟರ ಸುದ್ದಿಯೇ ಇಲ್ಲ. ಅಷ್ಟು ಸಂತೋಷ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ.

ತಲೆ ಒರೆಸುತ್ತಾ ಬಂದ ಮೇಘನಾಳಿಗೆ ತೋರಿಸಿದೆ.

"ಬಾಪ್ ರೇ, ಈ ಡೋಸ್ ಡೇಂಜರಸ್. ಬಾಕಿ ಎಲ್ಲ ಠೀಕ್ ಇದೆ. ಹೊಟ್ಟೆ, ಕಿಚ್ಚು... ಅಸಿಡಿಟಿ ತಾನೇ?"

"ಅಲ್ಲ ಕಣೇ. ಬೇರೆಯವರನ್ನ ಕಂಡು ಒಳಗೊಳಗೇ ಉರಿಯೋದು. ಜೆಲಸಿ."

ಅವಳ ಮುಖ ಸಪ್ಪಗಾಯಿತು. "ಲ್ಯಾಬ್‌ನಲ್ಲಿ ಕನ್ನಡ ನನಗೊಬ್ಬಳಿಗೇ ಬರೋದು. ಎಷ್ಟೋ ಉತ್ತರ ನನಗೆ ಅರ್ಧವೇ ಅರ್ಥ ಆಗಿದ್ರೂ ಸರಿ ಅಂತ ಟಿಕ್ ಹಾಕಿದೀನಿ ಅಪ್ಪಾ. ಯಾರೋ ಅಜ್ಜಿ ಅದನ್ನ ನಂಬಿ ಮಾತ್ರೆ ನುಂಗಿದ್ರೆ?"

ಗೆದ್ದೆನೆಂದು ಬೀಗುತ್ತಿದ್ದ ನನಗೆ ನಾಚಿಕೆಯಾಯಿತು. "ನಿನ್ನ ಗೈಡ್‌ಗೆ ಹೇಳಿಬಿಡು" ಎಂದೆ. ಮರುದಿನ ಹೇಳಿದಳು, ಬೈಸಿಕೊಂಡಳು, ಟಿಕ್ ಹಾಕಿದ್ದನ್ನೆಲ್ಲ ಮತ್ತೆ ನೋಡುವುದಾಗಿ ಒಪ್ಪಿಕೊಂಡು ಬಂದಳು.

ಸಂಜೆ ಕೇಳಿದಳು: "ಅದಿರಲಿ, ನಿನಗೆ ಯಾರ ಮೇಲೆ ಹೊಟ್ಟೆಕಿಚ್ಚು?"

ನಾನು ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದೆ. ನಗುತ್ತಾಳೆಂದುಕೊಂಡೆ, ನಗಲಿಲ್ಲ. ಪಕ್ಕಕ್ಕೊಂದು ಕುರ್ಚಿ ಎಳೆದು, "ಚಲೋ, ಕೂತ್ಕೋ" ಎಂದಳು.

ಈಗ ಭಾನುವಾರಗಳಲ್ಲಿ ಇಬ್ಬರೂ ಕೂರುತ್ತೇವೆ. ಯಂತ್ರ ಜಾಣವಾಗುತ್ತಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲೂ ಕಲಿತಿದೆ. ನಾನು ಮಾತ್ರ ಅದು ತಪ್ಪು ಮಾಡಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿರುತ್ತೇನೆ. ತಪ್ಪಿದ್ದ ದಿನ ಮಗಳು ಊಟದ ಹೊತ್ತಿನವರೆಗೂ ಪಕ್ಕದಲ್ಲಿ ಕೂತು ಒಂದೊಂದೇ ಪದದ ಅರ್ಥ ಕೇಳುತ್ತಾಳೆ. ಎಲ್ಲ ಸರಿಯಿದ್ದ ದಿನ ಕಾಫಿ ಆರುವ ಮೊದಲೇ ಎದ್ದು ಹೋಗುತ್ತಾಳೆ.