ಜೀಪಿನ ಕೀಗೆ ನಾಲ್ಕು ತಂತಿ ಚಕ್ರ

ನಮ್ಮ ಮಾವನವರ ಕಣ್ಣು ಮಂಜಾಗುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು. ಮಲ್ಲಂದೂರಿನ ಹತ್ತಿರದ ನಮ್ಮ ಎಸ್ಟೇಟಿಗೆ ಆಗ ಇದ್ದದ್ದು ಒಂದೇ ಜೀಪು, ಅದರ ಕೀ ಸದಾ ಅವರ ಅಂಗಿಯ ಜೇಬಿನಲ್ಲಿ. ಆ ಬೇಸಿಗೆಯಲ್ಲಿ ಒಂದು ದಿನ ಗೇಟಿನಾಚೆಯ ಮೋರಿಗೆ ಮಡ್‌ಗಾರ್ಡು ಉಜ್ಜಿಕೊಂಡು ಬಂದರು. ಕೇಳಿದರೆ, "ಮೋರಿ ಕಟ್ಸಿದೋನಿಗೆ ಬುದ್ಧಿ ಇಲ್ಲ" ಎಂದರು. ಮೋರಿ ಕಟ್ಟಿಸಿದವರು ಅವರೇ.

ನನ್ನ ಹೆದರಿಕೆ ಮಡ್‌ಗಾರ್ಡಿನದಲ್ಲ. ಕಾಫಿ ಕೊಯ್ಲು ಶುರುವಾದರೆ ದಿನಾ ಬೆಳಿಗ್ಗೆ ಮುಖ್ಯರಸ್ತೆಯಿಂದ ಆಳುಗಳನ್ನು ಜೀಪಿನ ಹಿಂದೆ ಕೂರಿಸಿಕೊಂಡು, ಮಂಜಿನಲ್ಲಿ, ಆ ಇಳಿಜಾರಿನಲ್ಲಿ ಬರುವವರು ಮಾವನೇ. ನನ್ನ ಗಂಡನಿಗೆ ಹೇಳಿದೆ. "ಅಪ್ಪಯ್ಯನ ಹತ್ರ ಕೀ ಕೇಳೋಕೆ ನನ್ನಿಂದಾಗಲ್ಲ" ಎಂದು ಅವರು ತೋಟದ ಕಡೆ ಹೊರಟುಬಿಟ್ಟರು. ನನಗೋ ಮೂಗಿನ ತುದಿಯಲ್ಲೇ ಕೋಪ. ನಾನೇ ಹೋಗಿ ಕೇಳಿದೆ.

"ನನ್ನ ಕಣ್ಣಿಗೆ ಎಂತ ಆಗಿದೆ ಮಾರಾಯ್ತಿ? ಪೇಪರ್ ಓದ್ತಾ ಇಲ್ವಾ?" ಎಂದರು ಮಾವ. ಕೈಯಲ್ಲಿದ್ದದ್ದು ಹಿಂದಿನ ದಿನದ ಪೇಪರು.

ಹೀಗಿರುವಾಗ ನಮ್ಮ ಮನೆಗೆ ಆ ದೊಡ್ಡ ಡಬ್ಬ ಬಂತು. ಕುದುರೆಮುಖದಲ್ಲಿ ಗಣಿ ನಿಂತು ಕ್ವಾರ್ಟರ್ಸುಗಳು ಖಾಲಿಯಾಗುತ್ತಿದ್ದ ಕಾಲ. ಮಾವನವರ ಸ್ನೇಹಿತರಾದ ಇಂಜಿನಿಯರೊಬ್ಬರು ಮನೆ ಖಾಲಿ ಮಾಡುವಾಗ ಕುರ್ಚಿ, ಹೂಕುಂಡಗಳ ಜೊತೆಗೆ ಅದನ್ನೂ ಕೊಟ್ಟು ಹೋದರು. ಒಳಗಿದ್ದದ್ದು ಹಳೆಯ ಕಾಲದ ತೆರೆದ ಕಾರಿನ ಮಾದರಿ, ಬಿಡಿಬಿಡಿ ಭಾಗಗಳಲ್ಲಿ. ಜೋಡಿಸಿದರೆ ಮೊಳದುದ್ದ ಆಗುವಂಥದ್ದು. ಆ ಇಂಜಿನಿಯರು ವಿದೇಶಕ್ಕೆ ಹೋದಾಗ ಆಸೆಪಟ್ಟು ತಂದು, ಒಮ್ಮೆ ತೆರೆದು, ಚಕ್ರದ ತಂತಿಗಳನ್ನು ನೋಡಿ ಹಾಗೇ ಮುಚ್ಚಿಟ್ಟಿದ್ದರಂತೆ.

ನಾನೂ ನೋಡಿದೆ. ಸೈಕಲ್ ಚಕ್ರಕ್ಕೆ ಇರುವಂತೆಯೇ ಕಡ್ಡಿಗಳು, ಆದರೆ ಕೂದಲಿಗಿಂತ ಸ್ವಲ್ಪ ದಪ್ಪ. ಒಂದೊಂದನ್ನೂ ನಡುವಿನ ಪ್ಲಾಸ್ಟಿಕ್ ಗುಂಬದ ತೂತಿನಿಂದ ರಿಮ್ಮಿನ ತೂತಿಗೆ ಪೋಣಿಸಬೇಕು. ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ ವಾಲಬೇಕು. ಒಳಸಾಲು ಮುಗಿದ ಮೇಲೆ ಹೊರಸಾಲು. ಒಂದು ತಂತಿ ಹೆಚ್ಚು ಬಿಗಿಯಾದರೂ ರಿಮ್ಮು ಒಂದು ಪಕ್ಕಕ್ಕೆ ಎಳೆದುಕೊಂಡು ಬೆಂಡಾಗುತ್ತದೆ. ನನ್ನ ತಲೆಗೆ ತಕ್ಷಣ ಉಪಾಯ ಹೊಳೆಯಿತು.

"ಮಾವ, ಪಂಥ. ಈ ಕಾರಿನ ನಾಲ್ಕು ಚಕ್ರ ನೀವೊಬ್ರೇ ಕಟ್ಟಿ. ಬೆಂಡಿಲ್ದೆ ತಿರುಗಿದ್ರೆ ಇನ್ನು ಕೀ ವಿಷ್ಯ ನಾನು ಎತ್ತಲ್ಲ. ಒಂದು ಬೆಂಡಾದ್ರೂ ಕೀ ನನಗೆ ಕೊಡ್ಬೇಕು."

"ನಿನಗ್ಯಾಕೆ ಕೀ? ನೀನು ಓಡಿಸ್ತೀಯ?"

"ಚಿಕ್ಕಮಗಳೂರಲ್ಲಿ ಅಪ್ಪನ ಕಾರು ಓಡಿಸ್ತಿದ್ದೆ. ಲೈಸೆನ್ಸು ಟ್ರಂಕಲ್ಲಿ ಕೊಳೀತಾ ಇದೆ. ಈ ಮನೇಲಿ ಯಾರು ಕೇಳಿದ್ರು?"

ಅವರು ನಕ್ಕು ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಅನುಮಾನ ಬಂತು. ಕೊಯ್ಲಿನ ಒಳಗೆ ಮುಗಿಯಬೇಕು, ಸೂಚನೆಯ ಹಾಳೆ ಓದಿ ಹೇಳುವುದಷ್ಟೇ ನನ್ನ ಕೆಲಸ, ತಂತಿ ಮುಟ್ಟುವ ಹಾಗಿಲ್ಲ ಎಂದು ಮಾತಾಯಿತು.

ಆ ಮಳೆಗಾಲ ನನಗೆ ಈಗಲೂ ಇಷ್ಟ. ಮಧ್ಯಾಹ್ನದ ಊಟವಾದ ಮೇಲೆ ಆಫೀಸು ಕೋಣೆಯ ಮೇಜಿಗೆ ನಾವಿಬ್ಬರೂ ಹಾಜರು. ಮದುವೆಯಾಗಿ ಬಂದಾಗಿನಿಂದ ನಾನೂ ಅವರೂ ಊಟ, ಔಷಧಿ ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಈಗ ನಾನು ಓದುವುದು, ಅವರು ಬಯ್ಯುವುದು. "ಅಕ್ಷರ ಇರುವೆಗೆ ಅಂತ ಮಾಡಿದಾರೆ" ಎಂದು ಹಾಳೆಯನ್ನು ನನ್ನ ಕಡೆ ತಳ್ಳುತ್ತಿದ್ದರು. ಚಿಮಟವನ್ನು ಎರಡೇ ದಿನಕ್ಕೆ ಮೂಲೆಗಿಟ್ಟರು. ತಂತಿಯ ತುದಿಯನ್ನು ಬೆರಳಿಗೂ ಹೆಬ್ಬೆರಳಿಗೂ ನಡುವೆ ಹೊರಳಿಸಿ, ಉಗುರಿನಿಂದ ತೂತು ಹುಡುಕಿ, ಸರ್‍ರನೆ ತೂರಿಸುತ್ತಿದ್ದರು. ಒಂದನ್ನು ಎಳೆದರೆ ಅದರ ಎದುರಿನದ್ದನ್ನೂ ಆಗಲೇ ಎಳೆಯುವುದು. ಆಮೇಲೆ ಎರಡನ್ನೂ ಉಗುರಿನಲ್ಲಿ ಮೀಟಿ ಸದ್ದು ಕೇಳುವುದು. ತೊಳೆದು ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಹಲ್ಲಲ್ಲಿ ಕಚ್ಚಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯ, ಇದೂ ಅಂಥದ್ದೇ ಶೋಕಿ ಎಂದುಕೊಂಡೆ. ಸೋಲುತ್ತೇನೆ ಎಂಬ ಭಯ ಶುರುವಾಯಿತು. ಆದರೂ ನಿಜ ಹೇಳಬೇಕೆಂದರೆ, ಮೊದಲ ಚಕ್ರ ಅವರ ಅಂಗೈಯಲ್ಲಿ ನಿಂತಾಗ ನನಗೆ ಖುಷಿಯೇ ಆಗಿತ್ತು.

ಆ ಮೊದಲ ಚಕ್ರ ಉಳಿಯಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆಯಾದದ್ದು, ಹಸಿಯಾದದ್ದು ಏನೇ ಇರಲಿ, ಹೋಗುವುದು ಒಲೆಯ ಮೇಲಿನ ಅಟ್ಟಕ್ಕೆ. ಬೆಂಕಿಪೊಟ್ಟಣ, ಕಾಲುಚೀಲ, ಹಪ್ಪಳ, ಎಲ್ಲ ಅಲ್ಲೇ. ತಂತಿಯ ತುದಿಗೆ ಹಚ್ಚಿದ ಅಂಟು ಒಣಗುತ್ತಿಲ್ಲವೆಂದು ಮಾವ ಚಕ್ರವನ್ನೂ ಅಭ್ಯಾಸಬಲದಿಂದ ಅಲ್ಲೇ ಇಟ್ಟರು. ಮರುದಿನ ಇಳಿಸಿದರೆ ಪ್ಲಾಸ್ಟಿಕ್ ಗುಂಬ ಮೆತ್ತಗಾಗಿ ಒಂದು ಕಡೆಗೆ ಕುಸಿದಿತ್ತು, ಜೊತೆಗೆ ಒಣಮೀನಿನ ವಾಸನೆ ಬೇರೆ.

"ಬೆಂಡಾಯ್ತು ಮಾವ. ಕೀ ತನ್ನಿ" ಎಂದು ಕೈ ಚಾಚಿದೆ.

ಅವರು ಡಬ್ಬದಲ್ಲಿ ತಡಕಿ ಐದನೆಯ ರಿಮ್ಮು ತೆಗೆದರು. "ಸ್ಟೆಪ್ನಿ ಇರೋದು ಯಾಕೆ ಮತ್ತೆ?"

ಚಾಚಿದ ಕೈ ಹಿಂದೆಗೆದುಕೊಂಡೆ. ಇನ್ನು ಮೇಲೆ ಒಂದೂ ಕೆಡುವಂತಿರಲಿಲ್ಲ.

ಕೊನೆಯ ಚಕ್ರ ಕಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಕಾಫಿ ಮಾಡಲು ಒಳಗೆ ಹೋಗಿದ್ದೆ. ಹೊರಗೆ ಮೋಡ ಕವಿದು ಕಪ್ಪಾಗಿತ್ತು. ಕರೆಂಟು ಹೋಯಿತು. ಲೋಟ ಹಿಡಿದು ಗೋಡೆ ಸವರಿಕೊಂಡು ಬಂದೆ. ಕೋಣೆಯಲ್ಲಿ ಮೇಜು ಯಾವುದು, ಕುರ್ಚಿ ಯಾವುದು ಎನ್ನುವುದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಆದರೆ ತಂತಿ ಮೀಟುವ ಸದ್ದು ಬರುತ್ತಲೇ ಇತ್ತು. ಟಿಣ್, ಸ್ವಲ್ಪ ತಡೆದು ಮತ್ತೆ ಟಿಣ್.

"ಕರೆಂಟ್ ಹೋಗಿದೆ ಮಾವ" ಎಂದೆ.

ಸದ್ದು ನಿಂತಿತು. "ಹೌದಾ? ಯಾವಾಗ ಹೋಯ್ತು?"

ಮಂಜಾಗುತ್ತಿದೆ ಎಂದು ನಾವು ಮಾತಾಡಿಕೊಂಡಿದ್ದೆವು, ಇಷ್ಟಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಇಷ್ಟು ದಿನ ಚಕ್ರ ಕಟ್ಟಿದ್ದು ನೋಡಿಕೊಂಡಲ್ಲ. ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಯಿತು. ಲೋಟವನ್ನು ಅವರ ಕೈಗೇ ಕೊಟ್ಟೆ. ಅವರು ನಿಧಾನವಾಗಿ ಕಾಫಿ ಕುಡಿದು, ಮತ್ತೆ ತಂತಿ ಎತ್ತಿಕೊಂಡರು.

ಪರೀಕ್ಷೆಯ ದಿನ ನನ್ನ ಗಂಡನೇ ತೀರ್ಪುಗಾರರು. ಚಕ್ರಗಳನ್ನು ಒಂದೊಂದಾಗಿ ಸ್ವೆಟರ್ ಹೆಣೆಯುವ ಕಡ್ಡಿಗೆ ಹಾಕಿ, ರಿಮ್ಮಿನ ಪಕ್ಕ ಬೆಂಕಿಕಡ್ಡಿ ಹಿಡಿದು ತಿರುಗಿಸಿದರು. ಎಲ್ಲಾದರೂ ವಾಲಿದರೆ ಕಡ್ಡಿಗೆ ತಾಗಬೇಕು. ಮೂರು ಚಕ್ರ ತಾಗಲಿಲ್ಲ. ನಾಲ್ಕನೆಯದನ್ನು ತಿರುಗಿಸಿದರು. ಅದು ತಾಗಲಿ ಎಂದು ಆಸೆಪಡುತ್ತಿದ್ದೆನೋ, ತಾಗದಿರಲಿ ಎಂದೋ, ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತಾಗಲಿಲ್ಲ. ಕಡ್ಡಿಗಳೆಲ್ಲ ಸೇರಿ ತೆಳ್ಳನೆ ಮಂಜಿನಂತೆ ಕಾಣುತ್ತ ಅದು ಬಹಳ ಹೊತ್ತು ತಿರುಗಿತು.

"ಅಪ್ಪಯ್ಯ ಗೆದ್ರು" ಎಂದರು ನನ್ನ ಗಂಡ. ಮಾವ ಜೇಬು ಮುಟ್ಟಿ ನೋಡಿಕೊಂಡರು. ನಾನು ಮಾತಿಗೆ ತಪ್ಪುವ ಹಾಗಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಕೊಯ್ಲು ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಮಾವ ಟೋಪಿ, ಮಫ್ಲರು ಹಾಕಿಕೊಂಡು ಅಂಗಳಕ್ಕಿಳಿದರು. ಹೋಗಬೇಡಿ ಎಂದು ಕಾಲು ಹಿಡಿದುಕೊಳ್ಳಲೇ ಎಂದು ಯೋಚಿಸುತ್ತ ನಾನು ಹಿಂದೆಯೇ ಓಡಿದೆ. ಅವರು ಜೀಪನ್ನು ಸವರಿಕೊಂಡು ಮುಂದಿನಿಂದ ಸುತ್ತು ಹಾಕಿ, ಎಡಗಡೆಯ ಸೀಟಿನಲ್ಲಿ ಕೂತರು.

"ಎಂತ ನಿಂತೆ? ಹತ್ತು. ಆಳುಗಳು ಕಾಯ್ತಾ ಇರ್ತಾರೆ" ಎಂದು ಕೀ ಚಾಚಿದರು.

"ಪಂಥ ನೀವು ಗೆದ್ರಲ್ಲ ಮಾವ?"

"ಹೌದು, ಗೆದ್ದೋನು ನಾನು. ಕೀ ಯಾರಿಗೆ ಅಂತ ಹೇಳೋನೂ ನಾನೇ."

ಚಪ್ಪಲಿ ಅಂಗಳದಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಗೇರು ಕರ್ ಎಂದಿತು. ಅವರು ಮುಖ ಕಿವುಚಿದರು. ಗೇಟು ದಾಟಿ, ಮಂಜಿನಲ್ಲಿ ಮೆಲ್ಲಗೆ ಇಳಿಯತೊಡಗಿದೆವು.

"ಮೋರಿ ಬಂತು. ಬಲಕ್ಕೆ ಹಿಡಿ" ಎಂದರು, ಮೋರಿಯ ನೀರಿನ ಸದ್ದಿನಲ್ಲೇ ಲೆಕ್ಕ ಹಾಕಿ.

"ನನಗೆ ಕಾಣ್ತದೆ ಮಾವ."

"ನಿನಗೆ ಕಾಣ್ತದೆ ಅಂತ್ಲೇ ನಾನು ಈ ಕಡೆ ಕೂತಿರೋದು" ಎಂದರು. ನಾನು ಜೀಪನ್ನು ಬಲಕ್ಕೆ ಹಿಡಿದು ಮೋರಿ ದಾಟಿಸಿದೆ.