ವರ್ಷ ಕಳೆದುಕೊಂಡ ಚೀಟಿಗಳು

ಪಂಜಿಕೆಂಟ್ ಪಟ್ಟಣದಲ್ಲಿ ಇನ್ನೂ ರೊಟ್ಟಿಯ ಒಲೆಗಳು ಹೊತ್ತಿಲ್ಲ. ಹಳೆಯ ಬರಹಗಳ ಸಂಗ್ರಹಾಲಯದಲ್ಲಿ ಪೂರ್ವದ ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಸವ್ರಿ ಒಂದು ಚೀಟಿ ಓದುತ್ತಿದ್ದಾರೆ. ಎಡಗಣ್ಣಿಗೆ ಪೊರೆ ಪೂರ್ತಿ ಬಂದಿದೆ, ಬಲಗಣ್ಣಿಗೂ ಶುರುವಾಗಿದೆ. ಬೆಳಗಿನ ಬೆಳಕಿನಲ್ಲಷ್ಟೇ ಅಕ್ಷರ ಕಾಣುತ್ತವೆ.

"ಮಾತಾಡಿಸ್ಬೇಡಪ್ಪ, ಇನ್ನೆರಡು ಗಂಟೆ ಅಷ್ಟೇ ನಂಗೆ ಕಣ್ಣಿರೋದು," ಎಂದು ಗದರುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನೋಟ್‌ಬುಕ್ ತೆರೆದು ಕೂರುತ್ತೇನೆ.

ಅರವತ್ತೆಂಟರ ಈಕೆ ಯಗ್ನೋಬ್ ಕಣಿವೆಯವರು. ಇಲ್ಲಿಗೆ ಕಸ ಗುಡಿಸಲು ಸೇರಿದವರು. ಅವರ ಮನೆಮಾತು ಸಾವಿರ ವರ್ಷದ ಹಿಂದೆ ಅಳಿದ ಸೊಗ್ದಿಯ ಭಾಷೆಯ ವಂಶದ್ದೆಂದು ತಿಳಿದ ಪಂಡಿತರೊಬ್ಬರು ಪೊರಕೆ ಬಿಡಿಸಿ ಪೆನ್ನು ಕೊಟ್ಟರು. ಮೂವತ್ತೊಂದು ವರ್ಷದಿಂದ ಒಂದೇ ಕೆಲಸ: ಸೊಗ್ದಿಯರ ಬರಹಗಳಲ್ಲಿ 'ಆ', 'ಈ' ಬಂದ ವಾಕ್ಯಗಳನ್ನು ಒಂದೊಂದಾಗಿ ಚೀಟಿಗೆ ಇಳಿಸುವುದು. ಹನ್ನೊಂದು ಸಾವಿರ ಚೀಟಿಗಳಾಗಿವೆ. ಅವನ್ನು ನೋಡಿ ಪುಸ್ತಕ ಬರೆದವರುಂಟು. ಆ ಪುಸ್ತಕಗಳಲ್ಲಿ ಇವರ ಹೆಸರು ಮಾತ್ರ ಹುಡುಕಬೇಡಿ.

"ಇಷ್ಟೊಂದು ಯಾಕೆ ಚಿಕ್ಕಮ್ಮ?" ಎಂದರೆ ನಗುತ್ತಾರೆ. "ಮೊದ್ಲು 'ಆ ಕುದುರೆ' ಅಂದ್ರೆ ಬೆರಳು ಮಾಡಿ ತೋರಿಸ್ದಂಗೆ. ನಾನೂರು ವರ್ಷ ಆದ್ಮೇಲೆ ನೋಡು, ಬೆರಳಿಲ್ಲ ಏನಿಲ್ಲ. 'ನಿಂಗೂ ಗೊತ್ತಲ್ಲ, ಅದೇ ಕುದುರೆ' ಅಂತ ಅಷ್ಟೇ. 'ಆ' ಅನ್ನೋದು ಸವೆದೂ ಸವೆದೂ ಹೆಸರಿಗೆ ಅಂಟ್ಕೊಂಡ್ಬಿಡ್ತು. ಒಂದು ಚೀಟೀಲಿ ಇದು ಕಾಣಲ್ಲ. ಯಾವ್ದು ಮುಂಚೆ, ಯಾವ್ದು ಆಮೇಲೆ ಅಂತ ಸಾಲಾಗಿಟ್ರೇ ಕಾಣೋದು."

ಆ ಸಾಲೇ ಈಗ ಕಲಸಿಹೋಗಿದೆ. ಹೊಸವರ್ಷದ ನವ್ರೂಜ್ ಹಬ್ಬಕ್ಕೆ ಮೂಲೆಮೂಲೆ ತೊಳೆಯದಿದ್ದರೆ ನಮಗೆ ಸಮಾಧಾನವಿಲ್ಲವಲ್ಲ! ಕಾವಲುಗಾರ ದಿಲೋವರ್ ಪೆಟ್ಟಿಗೆಗಳನ್ನೆಲ್ಲ ಸುರಿದು, ಉಜ್ಜಿ ತೊಳೆದು, ಚೀಟಿಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿಟ್ಟ. ಯಾವ ವಾಕ್ಯ ಯಾವ ವರ್ಷದ್ದೆಂದು ಬರೆದಿದ್ದದ್ದು ಪೆಟ್ಟಿಗೆಗಳ ಮೇಲೆ, ಚೀಟಿಗಳ ಮೇಲಲ್ಲ.

"ಚೆಂದ ಕಾಣ್ಲಿ ಅಂತ ಮಾಡ್ದೆ ಅಕ್ಕ," ಬಾಗಿಲಲ್ಲಿ ನಿಂತ ದಿಲೋವರ್ ಗೊಣಗುತ್ತಾನೆ. ಐವತ್ತೈದರ ಗಂಡಸು, ತಲೆ ಎತ್ತುತ್ತಿಲ್ಲ.

"ಚೆಂದಾನೇ ಮಾಡಿದೀಯ, ಮದುಮಗಳ ಥರ! ಹೋಗು, ಚಹಾ ತಾ." ಅವನು ಹೋದ ಮೇಲೆ ಸವ್ರಿಯವರ ದನಿ ತಗ್ಗುತ್ತದೆ. "ತಪ್ಪು ನಂದೇ ಕಣಪ್ಪ. ಚೀಟಿ ಮೇಲೂ ವರ್ಷ ಬರೀಬೇಕಿತ್ತು. ನಾನಿದೀನಲ್ಲ ಅನ್ನೋ ಸೊಕ್ಕು."

ವಾಕ್ಯ ಓದಿದೊಡನೆ ಅದು ಯಾವ ಕಾಲದ್ದೆಂದು ಹೇಳಬಲ್ಲವರು ಇವರೊಬ್ಬರೇ. ಬೇರೆಯವರು ಹುಡುಕಿ ತೆಗೆಯಲು ವರ್ಷಗಳೇ ಬೇಕು. ದಿನಕ್ಕೆ ನೂರಿಪ್ಪತ್ತು ಚೀಟಿ ಸಾಗುತ್ತದೆ, ಇನ್ನೂ ಏಳು ಸಾವಿರ ಬಾಕಿ, ಎಂದರೆ ಎರಡು ತಿಂಗಳ ಕೆಲಸ. ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದಿದ್ದಾರೆ ರಾಜಧಾನಿ ದುಶಾಂಬೆಯ ಡಾಕ್ಟರು. ಸವ್ರಿ ಈಗಾಗಲೇ ಎರಡು ಸಲ ಮುಂದೂಡಿದ್ದಾರೆ. "ನಮ್ಮಮ್ಮ ಆಪರೇಷನ್ ಮಾಡಿಸ್ಕೊಂಡು ಬಂದ್ಮೇಲೆ ನನ್ನ ಮುಖಾನೇ ಕಾಣ್ಲಿಲ್ಲ." ಹೋದರೂ ಭಯ, ಹೋಗದಿದ್ದರೂ ಭಯ.

ಓದಿ ಮುಗಿದ ಚೀಟಿಯ ಮೂಲೆಯಲ್ಲಿ ಈಗ ವರ್ಷ ಬರೆಯುತ್ತಾರೆ, ದಪ್ಪ ಅಂಕಿಗಳಲ್ಲಿ. ಏನಾಸೆ ಚಿಕ್ಕಮ್ಮ ಎಂದು ಕೇಳುತ್ತೇನೆ.

"ನನ್ನನ್ನ ಯಾರೂ ಕೇಳ್ಬಾರ್ದು. ಚೀಟಿ ನೋಡಿದ್ರೆ ಸಾಕು, ಸವ್ರಿ ಯಾಕೆ ಬೇಕು ಅನ್ಬೇಕು. ಅಷ್ಟಾಗ್ಲಿ, ನಾನೇ ಹೋಗಿ ಡಾಕ್ಟ್ರ ಮುಂದೆ ಕಣ್ಣು ಬಿಟ್ಕೊಂಡು ಕೂತ್ಕೋತೀನಿ."